ಆನ್‌ಲೈನ್‌ನಲ್ಲಿ ಸರ್ವಿಸ್ ಡಾಗ್ ಕಾರ್ಡ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಕನ್ನಡದವರಿಗೆ, ಅದರಲ್ಲೂ ಮನೆಯಲ್ಲಿ ನಾಯಿ ಸಾಕಿರುವವರಿಗೆ ಈ ಮಾತು. ನಾಯಿಗೆ ಕೆಂಪು ಕೋಟು, ಫೋಟೊ ಇರುವ ಕಾರ್ಡು, ನೋಂದಣಿ ಸರ್ಟಿಫಿಕೇಟು, ಎಲ್ಲ ಸೇರಿಸಿ ಮಾರುವ ವೆಬ್‌ಸೈಟುಗಳು ಎಷ್ಟೋ ಇವೆ. ದುಡ್ಡು ಕಟ್ಟಿದರೆ ನಿಮ್ಮ ನಾಯಿ ಸರ್ವಿಸ್ ಡಾಗ್ (ಅಂಗವಿಕಲರಿಗೆ ನೆರವಾಗಲು ತರಬೇತಿ ಪಡೆದ ನಾಯಿ) ಆಯಿತು, ಇನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಿ ಅಂತ ನಂಬಿಸುತ್ತಾರೆ. ಸುಳ್ಳು. ಅಮೆರಿಕದ ಸರ್ಕಾರ ಅಂಥ ಪಟ್ಟಿಯನ್ನೇ ಇಟ್ಟಿಲ್ಲ. ಆ ಕಾರ್ಡಿಗೆ ಮೂರು ಕಾಸಿನ ಬೆಲೆ ಇಲ್ಲ.

ನಿಮ್ಮ ದುಡ್ಡು ಹೋದರೆ ನಿಮಗಷ್ಟೇ ನಷ್ಟ, ಬಿಡಿ. ಆದರೆ ಅಂಥದ್ದೊಂದು ಕೋಟು ಹಾಕಿದ್ದ ನಾಯಿಯಿಂದ ನಮ್ಮಣ್ಣ ಕಳೆದುಕೊಂಡದ್ದು ಬೇರೆಯೇ.

ಅಣ್ಣನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ, ದೃಷ್ಟಿ ನಿಧಾನಕ್ಕೆ ಹೋಗುತ್ತಾ ಬರುವ ಕಣ್ಣಿನ ಕಾಯಿಲೆ. ಊರಲ್ಲಿದ್ದಾಗ ಬರೀ ಇರುಳುಗುರುಡು ಅಂದುಕೊಂಡಿದ್ದೆವು. ನಲವತ್ತು ದಾಟುವಷ್ಟರಲ್ಲಿ ಹಗಲೂ ಕಾಣದಂತಾಯಿತು. ಆಮೇಲೆ ಟೆಸ್ಸಾ ಬಂದಳು. ಕಪ್ಪು ಲ್ಯಾಬ್ರಡಾರ್, ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿ. ಅತ್ತಿಗೆಗೆ ಅವಳು ಟೆಸ್ಸಮ್ಮ. ಅವಳ ಜೊತೆ ಅಣ್ಣ ಒಬ್ಬನೇ ಬಾರ್ಟ್ ರೈಲು ಹತ್ತಿ ಆಫೀಸಿಗೆ ಹೋಗಿಬರುತ್ತಿದ್ದ.

ಇಂಥ ನಾಯಿ ತಯಾರಾಗುವುದು ಸುಮ್ನೆ ಅಲ್ಲ. ಮರಿಯಾಗಿದ್ದಾಗ ಒಂದು ವರ್ಷಕ್ಕೂ ಜಾಸ್ತಿ ಯಾರೋ ಸ್ವಯಂಸೇವಕರು ಮನೆಯಲ್ಲಿಟ್ಟುಕೊಂಡು ಬೆಳೆಸುತ್ತಾರೆ. ಆಮೇಲೆ ಶಾಲೆಯಲ್ಲಿ ತಿಂಗಳುಗಟ್ಟಲೆ ತರಬೇತಿ. ಕೊನೆಗೆ ಅದನ್ನು ಪಡೆಯುವವರ ಜೊತೆಗೂ ಪಾಠ. ಫುಟ್‌ಪಾತಿನ ಅಂಚಿನಲ್ಲಿ ನಿಲ್ಲುವುದು, ಮೆಟ್ಟಿಲು, ಬಾಗಿಲು ಹುಡುಕುವುದು ಎಲ್ಲ ಕಲಿಯುತ್ತದೆ. ಇನ್ನೊಂದು ವಿಷಯ ನನಗೆ ಈಗಲೂ ಆಶ್ಚರ್ಯ. 'ಮುಂದೆ ಹೋಗು' ಅಂದರೂ ಕಾರು ಬರುತ್ತಿದ್ದರೆ ಅದು ಹೋಗುವುದಿಲ್ಲ. ಯಾವಾಗ ಮಾತು ಕೇಳಬಾರದು ಅಂತಲೂ ಕಲಿಸಿರುತ್ತಾರೆ! ಒಂದು ನಾಯಿಗೆ ಹತ್ತಾರು ಸಾವಿರ ಡಾಲರ್ ಖರ್ಚು. 1942ರಲ್ಲಿ ಶುರುವಾದ, ಈಗ ಸ್ಯಾನ್ ರಫೇಲ್‌ನಲ್ಲಿರುವ 'ಗೈಡ್ ಡಾಗ್ಸ್ ಫಾರ್ ದ ಬ್ಲೈಂಡ್' ಥರದ ಸಂಸ್ಥೆಗಳು ಜನರ ದೇಣಿಗೆಯಿಂದಲೇ ಇದನ್ನೆಲ್ಲ ನಡೆಸಿ, ನಾಯಿಯನ್ನು ಪುಕ್ಕಟೆ ಕೊಡುತ್ತವೆ.

ಆದದ್ದು ಒಂದು ಇಂಡಿಯನ್ ಅಂಗಡಿಯಲ್ಲಿ. ನಾನೂ ಜೊತೆಗಿದ್ದೆ. ಅಕ್ಕಿ ಮೂಟೆಗಳ ಸಾಲಿನ ಕೊನೆಯಲ್ಲಿ ಗುಂಗುರು ಕೂದಲಿನ ಒಂದು ನಾಯಿ, ಮೈಮೇಲೆ ಕೆಂಪು ಕೋಟು. ಎಳೆದಷ್ಟೂ ಬಿಚ್ಚಿಕೊಳ್ಳುವ ಹಗ್ಗ. ಯಜಮಾನ ಫೋನ್ ನೋಡುತ್ತಿದ್ದ. ನಾನು ಬಾಯಿ ತೆಗೆಯುವಷ್ಟರಲ್ಲಿ ಅದು ಓಡಿ ಬಂದು ಟೆಸ್ಸಾಳ ಕಿವಿಗೆ ಬಾಯಿ ಹಾಕಿತು. ಅಣ್ಣನಿಗೆ ಕಾಣುವುದಿಲ್ಲವಲ್ಲ. ಕೈಯಲ್ಲಿದ್ದ ಹಿಡಿ ಜಗ್ಗಿದ್ದು, ಟೆಸ್ಸಾ ಕೂಗಿದ್ದು, ಅಷ್ಟೇ ಗೊತ್ತು. ಅವಳು ತಿರುಗಿ ಕಚ್ಚಲಿಲ್ಲ. ಅಣ್ಣನ ಕಾಲಿಗೆ ಒತ್ತಿಕೊಂಡು ನಿಂತಳು.

ಆತ ಕನ್ನಡದವನೇ. "ಸಾರಿ ಸರ್, ಇವನು ಹಾಗೆಲ್ಲ ಮಾಡೋನಲ್ಲ" ಅಂದ.

"ಇವನು ನಿಮಗೆ ಏನು ಕೆಲಸ ಮಾಡ್ತಾನೆ?" ಅಣ್ಣ ಕೇಳಿದ.

"ಹಾಗಲ್ಲ ಸರ್... ಆನ್‌ಲೈನ್‌ನಲ್ಲಿ ರಿಜಿಸ್ಟರ್ ಮಾಡಿಸಿದೀನಿ. ಕಾರ್ಡಿದೆ."

ಮ್ಯಾನೇಜರೂ ಅದನ್ನೇ ಹೇಳಿದರು. ಕಾರ್ಡ್ ತೋರಿಸಿದರು, ಒಳಗೆ ಬಿಟ್ಟೆವು ಅಂತ.

ಕಿವಿಗೆ ಹೊಲಿಗೆ ಹಾಕಿದರು, ಗಾಯ ಮಾಯಿತು. ಆತ ಆಸ್ಪತ್ರೆ ಬಿಲ್ಲೂ ಕಟ್ಟಿದ. ಆದರೆ ಟೆಸ್ಸಾ ಮೊದಲಿನಂತಾಗಲಿಲ್ಲ. ದೂರದಲ್ಲಿ ನಾಯಿ ಕಂಡರೆ ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಒಂದು ದಿನ ರಸ್ತೆ ದಾಟುವಾಗ ಎದುರಿನಿಂದ ಯಾರೋ ನಾಯಿ ಹಿಡಿದುಕೊಂಡು ಬಂದರು. ಇವಳು ಹೆದರಿ ಪಕ್ಕಕ್ಕೆ ಎಳೆದಳು. ಅಣ್ಣ ಕಾರುಗಳ ನಡುವೆ ನಿಂತುಬಿಟ್ಟಿದ್ದ. ಶಾಲೆಯಿಂದ ತರಬೇತುದಾರರು ಬಂದು ಜೊತೆಗೆ ನಡೆದು ನೋಡಿದರು, ಮತ್ತೆ ಕಲಿಸಲು ನೋಡಿದರು. ಆಗಲಿಲ್ಲ. ಇನ್ನೂ ಎಷ್ಟೋ ವರ್ಷ ಕೆಲಸ ಮಾಡಬೇಕಾದವಳು ರಿಟೈರ್ ಆದಳು. ಅಣ್ಣ ಬಿಳಿ ಕೋಲು ಹಿಡಿದು ಮುಂದಿನ ನಾಯಿಗೆ ಕಾಯುತ್ತಿದ್ದಾನೆ. ಒಬ್ಬನೇ ರೈಲಿಗೆ ಹೋಗುವುದನ್ನು ಬಿಟ್ಟಿದ್ದಾನೆ.

ಟೆಸ್ಸಾ ಇದ್ದಾಗಲೇ ಇನ್ನೊಂದು ಕಾಟ ಶುರುವಾಗಿತ್ತು. ಎಲ್ಲರೂ ಕಾರ್ಡ್ ತೋರಿಸುವುದನ್ನು ನೋಡಿ ನೋಡಿ ಹೋಟೆಲಿನವರು ಅಣ್ಣನನ್ನೂ ಕಾರ್ಡ್ ಕೇಳತೊಡಗಿದ್ದರು. ಕಾನೂನಿನ ಪ್ರಕಾರ ಹಾಗೆ ಕೇಳುವಂತೆಯೇ ಇಲ್ಲ. 1990ರ ಅಂಗವಿಕಲರ ಕಾಯ್ದೆಯ ನಿಯಮದಂತೆ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ? ಯಾವ ಕೆಲಸಕ್ಕೆ ಇದಕ್ಕೆ ತರಬೇತಿ ಕೊಟ್ಟಿದೆ? ಕಾಯಿಲೆ ಏನು ಅಂತ ಕೆದಕುವಂತಿಲ್ಲ. ನಿಜವಾದವರ ಮಾನ ಉಳಿಯಲಿ ಅಂತ ಬಿಟ್ಟ ಜಾಗ ಅದು. ಅದರಲ್ಲೇ ಸುಳ್ಳು ಹೇಳುವವರು ನುಗ್ಗುತ್ತಿದ್ದಾರೆ.

'ನಾಯಿ ಜೊತೆಗಿದ್ದರೆ ನನಗೆ ಟೆನ್ಷನ್ ಕಮ್ಮಿ' ಅನ್ನುವವರೂ ಇದ್ದಾರೆ. ನಿಜವೇ ಇರಬಹುದು. ಆದರೆ ಅದು ಎಮೋಷನಲ್ ಸಪೋರ್ಟ್ ಪ್ರಾಣಿ, ಸರ್ವಿಸ್ ಡಾಗ್ ಅಲ್ಲ. ಬಾಡಿಗೆ ಮನೆಯ ವಿಷಯದಲ್ಲಿ ಅದಕ್ಕೆ ಬೇರೆ ಕಾನೂನಿದೆ, ವೈದ್ಯರ ಪತ್ರ ಅಲ್ಲಿ ನಡೆಯುತ್ತದೆ. ದಿನಸಿ ಅಂಗಡಿಗೆ ಆ ಪತ್ರ ತಂದು ಪ್ರಯೋಜನವಿಲ್ಲ. ಅದೂ 2022ರಿಂದ ಕ್ಯಾಲಿಫೋರ್ನಿಯಾದಲ್ಲಿ ನಾಯಿಗಾಗಿ ಪತ್ರ ಕೊಡುವ ಮೊದಲು ವೈದ್ಯರಿಗೂ ನಿಮಗೂ ಕನಿಷ್ಠ 30 ದಿನದ ಪರಿಚಯ ಇರಬೇಕು. ಐದು ನಿಮಿಷದಲ್ಲಿ ಪತ್ರ ಅನ್ನುವ ಜಾಹೀರಾತು ನಂಬಬೇಡಿ. ವಿಮಾನದಲ್ಲೂ ಆಟ ಮುಗಿದಿದೆ. 2018ರಲ್ಲಿ ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಒಬ್ಬರು ಎಮೋಷನಲ್ ಸಪೋರ್ಟ್ ಪ್ರಾಣಿ ಅಂತ ನವಿಲನ್ನೇ ತಂದಿದ್ದರು! ಹತ್ತಿಸಿಕೊಳ್ಳಲಿಲ್ಲ ಅನ್ನಿ. 2021ರ ಜನವರಿಯಿಂದ ಎಮೋಷನಲ್ ಸಪೋರ್ಟ್ ಪ್ರಾಣಿಗಳನ್ನು ವಿಮಾನದವರು ಒಪ್ಪಲೇಬೇಕು ಅಂತಿಲ್ಲ.

ಸಿಕ್ಕಿಬಿದ್ದರೆ? ಕ್ಯಾಲಿಫೋರ್ನಿಯಾದಲ್ಲಿ ಗೊತ್ತಿದ್ದೂ ಸಾಕುನಾಯಿಯನ್ನು ಸರ್ವಿಸ್ ಡಾಗ್ ಅಂತ ತೋರಿಸುವುದು ಅಪರಾಧ. 1000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಅಂಗಡಿ ನಡೆಸುವವರಿಗೂ ಒಂದು ಮಾತು. ನಾಯಿ ಹಿಡಿತ ತಪ್ಪಿ ಮೇಲೆ ಬೀಳುತ್ತಿದ್ದರೆ, ಯಜಮಾನ ಸುಮ್ಮನಿದ್ದರೆ, ಹೊರಗೆ ಕಳಿಸುವ ಹಕ್ಕು ನಿಮಗಿದೆ. ಅದು ನಿಜವಾದ ಸರ್ವಿಸ್ ಡಾಗ್ ಆಗಿದ್ದರೂ ಅಷ್ಟೇ. ಕೋಟು ನೋಡಿ ಹೆದರಬೇಡಿ.

ಈಗಾಗಲೇ ಕೋಟು ಕೊಂಡಿದ್ದರೆ ಬಿಚ್ಚಿ ಪಕ್ಕಕ್ಕಿಡಿ. ನಾಯಿಯನ್ನು ಜೊತೆಗೆ ಕರೆದುಕೊಂಡು ಊಟಕ್ಕೆ ಹೋಗಬೇಕು ಅನಿಸಿದರೆ, ಹೊರಗೆ ಟೇಬಲ್ ಹಾಕಿ ಸಾಕುನಾಯಿಗಳನ್ನು ಬಿಡುವ ರೆಸ್ಟೋರೆಂಟುಗಳು ಬೇಕಾದಷ್ಟಿವೆ. ಹೋಗುವ ಮುಂಚೆ ಒಂದು ಫೋನ್ ಮಾಡಿ ಕೇಳಿ, ಅಷ್ಟೇ.