ಬಿಟ್ಟುಕೊಡುವ ಅಂಟು: ನ್ಯೂಟ್ರಲ್ ಕ್ಯೂರ್ ಸಿಲಿಕೋನ್‌ನೊಂದಿಗೆ ಮೂರು ವರ್ಷ

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆಂಪ್ಲಿಫೈಯರ್ ಬೋರ್ಡಿನ ದೊಡ್ಡ ಕೆಪಾಸಿಟರ್ ಅಲುಗಾಡುತ್ತಿತ್ತೆಂದು ಸ್ನಾನದ ಮನೆಯ ಸಂದಿಗೆ ತಂದಿದ್ದ ಸಿಲಿಕೋನನ್ನೇ ಅದರ ಬುಡಕ್ಕೆ ಮೆತ್ತಿದ್ದೆ. ವಿನೆಗರ್ ವಾಸನೆ ಗಪ್ಪೆಂದು ಹೊಡೆದಾಗಲೇ ಎಚ್ಚರವಾಗಬೇಕಿತ್ತು. ಗಟ್ಟಿಯಾಗುವಾಗ ಅದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಕೆಲವು ತಿಂಗಳಲ್ಲಿ ತಾಮ್ರದ ಕಾಲಿನ ಸುತ್ತ ಹಸಿರು ಕಿಲುಬು ಕಟ್ಟಿತ್ತು.

ಅಂದಿನಿಂದ ಟ್ಯೂಬಿನ ಮೇಲೆ 'ನ್ಯೂಟ್ರಲ್ ಕ್ಯೂರ್' ಎಂದಿರುವುದನ್ನೇ, ಅದರಲ್ಲೂ ಎಲೆಕ್ಟ್ರಾನಿಕ್ಸ್‌ಗೆಂದೇ ತಯಾರಿಸಿದ ಆಲ್ಕಾಕ್ಸಿ ಬಗೆಯದನ್ನು ಬಳಸುತ್ತಿದ್ದೇನೆ. ಇದು ಬಿಡುವುದು ಆಮ್ಲವನ್ನಲ್ಲ, ಆಲ್ಕೋಹಾಲನ್ನು. ಕಳೆದ ತಿಂಗಳು ಎರಡು ವರ್ಷದ ಹಿಂದೆ ಹಚ್ಚಿದ್ದ ಹನಿಯೊಂದನ್ನು ತೆಗೆಯಬೇಕಾಯಿತು. ಬಿದಿರಿನ ಕಡ್ಡಿಯಿಂದ ಅಂಚನ್ನು ಎಬ್ಬಿಸಿ ಉಗುರಿನಿಂದ ಎಳೆದರೆ ಹಲಸಿನ ಮೇಣದ ಹಾಗೆ ಜಗ್ಗುತ್ತಾ ಎದ್ದು ಬಂತು. ಕೆಳಗೆ ಬೋರ್ಡಿನ ಬಿಳಿ ಅಕ್ಷರಗಳು ಒಂದೂ ಅಳಿಸಿರಲಿಲ್ಲ. ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಅಂಟು ಹಾಕಿದ್ದರೆ ತಾಮ್ರದ ಗೆರೆಯೂ ಅದರ ಜೊತೆ ಕಿತ್ತು ಬರುತ್ತಿತ್ತೇನೋ.

ದೂರುಗಳೂ ಇವೆ. ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುವುದರಿಂದ ದಪ್ಪಗೆ ಹಚ್ಚಿದರೆ 24 ಗಂಟೆಯೂ ಸಾಲದು. ಅದೇ ತೇವದಿಂದ ಟ್ಯೂಬಿನ ಮೂತಿಯೂ ಕಟ್ಟಿಕೊಳ್ಳುತ್ತದೆ. ಮೊದಲ ಟ್ಯೂಬಿನಲ್ಲಿ ಅರ್ಧವನ್ನು ಹಾಗೆಯೇ ಎಸೆದೆ. ಕಿತ್ತ ಜಾಗದಲ್ಲಿ ಕಣ್ಣಿಗೆ ಕಾಣದ ಜಿಡ್ಡು ಉಳಿಯುತ್ತದೆ, ಅಲ್ಲಿ ಸಿಲಿಕೋನ್ ಬಿಟ್ಟು ಬೇರೆ ಅಂಟು ಸರಿಯಾಗಿ ಕೂರುವುದಿಲ್ಲ. ತೆರೆದ ರಿಲೇ (ವಿದ್ಯುತ್ತಿನಿಂದಲೇ ಕೆಲಸ ಮಾಡುವ ಸ್ವಿಚ್ಚು) ಸಂಪರ್ಕಗಳ ಹತ್ತಿರವಂತೂ ಬೇಡವೇ ಬೇಡ, ಸಿಲಿಕೋನಿನ ಆವಿ ಅಲ್ಲಿ ಕಿಡಿಗೆ ಸಿಕ್ಕಿ ನಿರೋಧಕ ಪದರವಾಗುತ್ತದೆ.

ತಂತಿಯನ್ನು ತಾತ್ಕಾಲಿಕವಾಗಿ ಹಿಡಿದಿಡಲು ಹಾಟ್ ಗ್ಲೂ ಸಾಕು. ಬಿಸಿಯಾಗುವ ಭಾಗದ ಬಳಿ ಮಾತ್ರ ಅದು ಮೆತ್ತಗಾಗಿ ಜಾರುತ್ತದೆ. ಬಿಡಿಸಲು ಅಂಚಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿದರೆ ಅರೆಕ್ಷಣದಲ್ಲಿ ಸಡಿಲಗೊಂಡು ಇಡೀ ಗಡ್ಡೆಯೇ ಕಳಚುತ್ತದೆ; ಈ ಉಪಾಯ ತಿಳಿಯುವ ಮೊದಲು ಎಷ್ಟು ಸಲ ಚಾಕುವಿನಿಂದ ಕೆರೆದಿದ್ದೇನೋ! ಸೂಪರ್ ಗ್ಲೂ ನನ್ನ ಮೇಜಿನಿಂದ ಆಚೆ ಹೋಗಿದೆ. ಅದನ್ನು ಕರಗಿಸುವ ಅಸಿಟೋನ್ ಉಪಕರಣಗಳ ಹೊರಕವಚಕ್ಕೆ ಬಳಸುವ ಎಬಿಎಸ್ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ.

ಲಿಥಿಯಂ ಬ್ಯಾಟರಿಗೆ ಮಾತ್ರ ಇವು ಯಾವುವೂ ಬೇಡ. ಎಳೆದರೆ ಉದ್ದಕ್ಕೆ ಹಿಗ್ಗಿ ಬಿಡುವ ಅಂಟುಪಟ್ಟಿಯನ್ನೇ ಹಾಕಿ, ಅದರ ಬಾಲ ಕೈಗೆ ಸಿಗುವಂತೆ ಹೊರಗೆ ಬಿಡಿ. ತೆಗೆಯುವಾಗ ಮೇಲಕ್ಕಲ್ಲ, ಬ್ಯಾಟರಿಗೆ ಸಮಾನಾಂತರವಾಗಿ ನಿಧಾನಕ್ಕೆ ಎಳೆಯಿರಿ. ನನ್ನದು ಒಮ್ಮೆ ನಡುವೆ ತುಂಡಾಯಿತು. ಸ್ಕ್ರೂಡ್ರೈವರ್ ಕಡೆಗೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು, ಸಂದಿಗೆ ನಾಲ್ಕು ಹನಿ ಆಲ್ಕೋಹಾಲ್ ಬಿಟ್ಟು ಚಹಾ ಕುಡಿದು ಬಂದೆ.