ಲಾರಿ ಮೇಲೆ ಮನೆ: ಸ್ಟಾಲಿಯನ್ನೋ, ಟಾಟಾ 1613ಓ?

ಲಾರಿ ಮೇಲೆ ಮನೆ ಕಟ್ಟಿಸಿ ತುಮಕೂರಿನಿಂದ ಲಡಾಖ್‌ಗೆ ಹೊರಡುವ ಆಸೆಯೇ? ಅಶೋಕ್ ಲೇಲ್ಯಾಂಡ್ ಸ್ಟಾಲಿಯನ್ ಸೇನೆಗೆಂದು ಮಾಡಿದ ಗಾಡಿ. ಫೋರ್‌ ವೀಲ್ ಡ್ರೈವ್. ಮರಳು, ಕೆಸರಿಗೆ ಹೆದರುವುದಿಲ್ಲ. ಆದರೆ ಮುಂದಿನ ಆಕ್ಸಲ್, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಸಾಮಾನು ಮಾಮೂಲಿ ಅಂಗಡಿಯಲ್ಲಿ ಸಿಗುವುದು ಕಷ್ಟ. ಹರಾಜಿನ ಗಾಡಿಯಾದರೆ ಮೊದಲು ಕಾಗದಪತ್ರ ನೋಡಿ.

ಟಾಟಾ 1613ಕ್ಕೆ ಎಳೆತ ಹಿಂದಿನ ಚಕ್ರದ್ದಷ್ಟೇ. ಹೆಸರಲ್ಲೇ ಲೆಕ್ಕವಿದೆ: ಸರಕು ಸೇರಿ ಒಟ್ಟು ತೂಕ ಸುಮಾರು 16 ಟನ್, ಎಂಜಿನ್ ಶಕ್ತಿ 130 ಎಚ್‌ಪಿ. ಅದರ 5.9 ಲೀಟರ್ ಕಮಿನ್ಸ್ ಎಂಜಿನ್ ಗೊತ್ತಿಲ್ಲದ ಮೆಕ್ಯಾನಿಕ್ ಹೆದ್ದಾರಿಯಲ್ಲಿ ಅಪರೂಪ. ಶಿರಾ ಹತ್ತಿರ ಟೀಗೆ ನಿಂತಾಗ ನೋಡಿದ್ದೆ: ಹುಡುಗನೊಬ್ಬ ಎರಡೇ ಸ್ಪಾನರ್‌ನಲ್ಲಿ ಲಾರಿಯೊಂದರ ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪಂಪ್) ಬಿಚ್ಚಿ ಹೊಸದು ಕೂರಿಸಿದ. ನನ್ನ ಲೋಟ ಇನ್ನೂ ಖಾಲಿಯಾಗಿರಲಿಲ್ಲ.

ನನ್ನ ಮತ 1613ಕ್ಕೇ. ಡಾಂಬರು ರಸ್ತೆಗೆ ಸುಮ್ನೆ ಫೋರ್‌ ವೀಲ್ ಯಾಕೆ, ಅಲ್ವಾ? ಬ್ರೇಕ್ ಡಯಾಫ್ರಾಮ್ (ಏರ್ ಬ್ರೇಕಿನ ರಬ್ಬರ್ ಪರದೆ), ಡೀಸೆಲ್ ಫಿಲ್ಟರ್, ಫ್ಯಾನ್ ಬೆಲ್ಟ್ ಮಾತ್ರ ಸೀಟಿನ ಕೆಳಗೆ ಇಟ್ಟುಕೊಳ್ಳಿ.