ದಾವಣಗೆರೆಯಲ್ಲಿ ಟ್ರೇನರ್ ಹುಡುಕಾಟ: ಏಸಿ ಜಿಮ್ಮು, ಗರಡಿ ಮನೆ, ಮೊಬೈಲ್ ಕೋಚು, ಮಹಡಿ ಮೇಲಿನ ಮೇಡಂ

ನನಗೆ ಟ್ರೇನರ್ ಯಾಕೆ ಬೇಕಾಯಿತು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಈ ಹೋಲಿಕೆ ಓದಿ ಉಪಯೋಗ ಇಲ್ಲ. ವಯಸ್ಸು ಐವತ್ತರ ಹತ್ತಿರ. ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಇಡೀ ದಿನ ಕೂತೇ ಇರಬೇಕು. ಮೆಟ್ಟಿಲು ಇಳಿಯುವಾಗ ಎಡ ಮಂಡಿ ನೋಯುತ್ತದೆ. ಬಿಪಿಗೆ ದಿನಾ ಒಂದು ಮಾತ್ರೆ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 6.1 ಬಂದಿತ್ತು. 5.7ರಿಂದ 6.4ರ ನಡುವೆ ಇದ್ದರೆ ಶುಗರ್ ಇನ್ನೂ ಹೊಸ್ತಿಲಲ್ಲಿದೆ, ಒಳಗೆ ಬಂದಿಲ್ಲ ಅಂತ ಅರ್ಥ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಎಂದರೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ, ಜೊತೆಗೆ ಕನಿಷ್ಠ 2 ದಿನ ಮಾಂಸಖಂಡಗಳಿಗೆ ಕೆಲಸ. ನಡಿಗೆಗೆ ಕುಂದವಾಡ ಕೆರೆ ಇದೆ, ಅದಕ್ಕೆ ಗುರು ಬೇಡ. ಎರಡನೆಯದಕ್ಕೆ ಬೇಕು. ಸಿಕ್ಸ್ ಪ್ಯಾಕ್ ಬೇಕು ಅನ್ನುವ ಹುಡುಗರಿಗೆ ನನ್ನ ತೀರ್ಪು ಹಿಡಿಸದೆ ಇರಬಹುದು.

ಮೊದಲು ಹೋಗಿದ್ದು ಒಂದು ದೊಡ್ಡ ಏಸಿ ಜಿಮ್ಮಿಗೆ. ಏಪ್ರಿಲ್ ತಿಂಗಳ ನಮ್ಮೂರ ಬಿಸಿಲಿಗೆ ಏಸಿ ಸಣ್ಣ ಮಾತಲ್ಲ. ಮಷೀನುಗಳೂ ಚೆನ್ನಾಗಿವೆ. ಹೊಸಬರ ಕೈ ತಪ್ಪಿದರೂ ತೂಕ ಮೈಮೇಲೆ ಬೀಳುವುದಿಲ್ಲ. ಟ್ರೇನರ್ ಹುಡುಗನ ಮೈಕಟ್ಟು ನೋಡಿದರೆ ಕೈ ಮುಗಿಯಬೇಕು. ಆದರೆ ಅವನು ಕೇಳಿದ ಮೊದಲ ಪ್ರಶ್ನೆ, "ಸಾರ್, ಮೂರು ತಿಂಗಳ ಪ್ಯಾಕೇಜಾ, ಆರು ತಿಂಗಳದ್ದಾ?" ಫಾರ್ಮಿನಲ್ಲಿ ಕಾಯಿಲೆ ಬರೆಯಲು ಒಂದು ಸಾಲು ಇತ್ತು. ನಾನು ತುಂಬಿಸಿದೆ, ಯಾರೂ ಓದಲಿಲ್ಲ. ಲೆಗ್ ಪ್ರೆಸ್ (ಕೂತು ಕಾಲಿನಿಂದ ಭಾರ ತಳ್ಳುವ ಮಷೀನು) ಮಾಡುವಾಗ ಮಂಡಿ ಚುಚ್ಚುತ್ತಿದೆ ಅಂದರೆ "ಸ್ಟಾರ್ಟಿಂಗಲ್ಲಿ ಹಂಗೇ ಸಾರ್" ಎಂದು ಎಣಿಕೆ ಮುಂದುವರಿಸಿದ. ಹೊಸದಾಗಿ ವ್ಯಾಯಾಮ ಮಾಡಿದವರಿಗೆ ಮಾರನೆಯ ದಿನ ಮೈಕೈ ಹಿಡಿದುಕೊಳ್ಳುವುದು ಸಹಜ, ಎರಡು ಮೂರು ದಿನದಲ್ಲಿ ಅದು ಇಳಿಯುತ್ತದೆ. ಮಾಡುತ್ತಿರುವಾಗಲೇ ಕೀಲಿನಲ್ಲಿ ಚುಚ್ಚುವುದು ಬೇರೆ. ಈ ವ್ಯತ್ಯಾಸ ಕೇಳಿ ತಿಳಿಯದವನ ಕೈಗೆ ಮಂಡಿ ಕೊಡುವುದು ಹೇಗೆ?

ಆಮೇಲೆ ಪ್ರೋಟೀನ್ ಡಬ್ಬದ ಮಾತು ಬಂತು. ಲೆಕ್ಕದವನ ಹತ್ತಿರ ಈ ಮಾತು ನಡೆಯುವುದಿಲ್ಲ. ವೈದ್ಯಕೀಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಐಸಿಎಂಆರ್ ಪ್ರಕಾರ ಸಾಮಾನ್ಯ ಜನಕ್ಕೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್. 70 ಕೆಜಿಗೆ 58 ಗ್ರಾಂ. ತೂಕ ಎತ್ತುವವರಿಗೆ ಇನ್ನೂ ಸ್ವಲ್ಪ ಜಾಸ್ತಿ ಇರಲಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 50 ಗ್ರಾಂ ಒಣ ಸೋಯಾದಲ್ಲಿ 25ರ ಆಸುಪಾಸು, ಮೇಲೆ ಬೇಳೆ, ಹಾಲು, ಮೊಸರು. ಡಬ್ಬ ವಿಷ ಅಂತ ನಾನು ಹೇಳುತ್ತಿಲ್ಲ. ಆದರೆ ನೀವು ಏನು ತಿನ್ನುತ್ತೀರಿ ಎಂದು ಕೇಳದೆ ಡಬ್ಬ ಮಾರುವವನು ಟ್ರೇನರ್ ಅಲ್ಲ, ಅಂಗಡಿಯವನು.

ಇನ್ನು ಗರಡಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ಬಯಲು ಕುಸ್ತಿ ನೋಡಿ ಬೆಳೆದವರಿಗೆ ಆ ಮಣ್ಣಿನ ವಾಸನೆಯ ಸೆಳೆತ ಹೇಳಬೇಕಿಲ್ಲ. ಉಸ್ತಾದರಿಗೆ ಅರವತ್ತು ದಾಟಿದೆ. ಫೀಸು ಅಂತ ಇಲ್ಲ, ಶನಿವಾರ ಹನುಮಪ್ಪನ ಪೂಜೆಗೆ ಕಾಯಿ, ಹೂವು ತಂದರೆ ಆಯಿತು. ಅವರು ನನ್ನನ್ನು ಸುಮ್ನೆ ಕೂತು ಏಳಲು ಹೇಳಿದರು. ಒಂದು ಸುತ್ತು ಬಂದು ನೋಡಿ, "ತಮ್ಮಾ, ಎಡಗಾಲು ಹೊರಗೆ ತಿರುಗ್ತೈತಿ, ಭಾರ ಎಲ್ಲಾ ಬಲಗಡೆ ಹಾಕ್ತೀಯ" ಅಂದರು. ಏಸಿ ಜಿಮ್ಮಿನಲ್ಲಿ ಸುತ್ತ ಕನ್ನಡಿ ಇದ್ದೂ ಯಾರಿಗೂ ಕಾಣದ್ದು ಇದು. ಬಿಪಿ ಇದೆ ಅಂದಾಗ "ಹಂಗಾದ್ರೆ ಎತ್ತುವಾಗ ಉಸಿರು ಕಟ್ಟಬ್ಯಾಡ" ಎಂದೂ ಹೇಳಿದರು. ಸರಿಯಾದ ಮಾತು. ಉಸಿರು ಕಟ್ಟಿ ಭಾರ ಎತ್ತಿದರೆ ಆ ಹೊತ್ತಿಗೆ ಬಿಪಿ ಸರ್ರನೆ ಏರುತ್ತದೆ.

ಆದರೂ ಅಲ್ಲಿ ನಾನು ನಿಲ್ಲಲಿಲ್ಲ. ಗರಡಿ ಇರುವುದು ಕುಸ್ತಿಗೆ, ಅಲ್ಲಿನ ದಂಡ, ಬಸ್ಕಿ, ಗದೆ ಎಲ್ಲವೂ ಪೈಲ್ವಾನರ ಅಳತೆಯವು. ಉಸ್ತಾದರು ನನಗೆ ಬಸ್ಕಿ ಕಡಿಮೆ ಮಾಡಿಸಿದರು ನಿಜ, ಆದರೆ ಪಕ್ಕದ ಹುಡುಗರು ನೂರು ದಾಟುವಾಗ ನಮಗೂ ಹುರುಪು ಬರುತ್ತದಲ್ಲ, ಅದೇ ಅಪಾಯ. ಅಭ್ಯಾಸ ಇಲ್ಲದವರು ಒಂದೇ ದಿನ ನೂರಾರು ಬಸ್ಕಿ ಹೊಡೆದರೆ ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಬೀಳಬಹುದು. ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ನೇರ ಆಸ್ಪತ್ರೆಗೆ ಹೋಗಬೇಕು. ಹದಿಹರೆಯದ ಮಗ ಇದ್ದಿದ್ದರೆ ಎರಡು ಸಲ ಯೋಚಿಸದೆ ಗರಡಿಗೆ ಕಳಿಸುತ್ತಿದ್ದೆ.

ಮೊಬೈಲ್ ಕೋಚಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಗಳೂರಿನವರು, ವಿಡಿಯೊ ಕಾಲಿನಲ್ಲೇ ಕಲಿಸುತ್ತಾರೆ, ಮಾತು ಸ್ಪಷ್ಟ. ಪ್ರತಿ ವಾರ ಎಷ್ಟು ತೂಕ, ಎಷ್ಟು ಸಲ ಎಂದು ಬರೆದಿಟ್ಟು ನಿಧಾನವಾಗಿ ಏರಿಸುತ್ತಿದ್ದರು, ಆ ಪದ್ಧತಿ ನನಗೆ ಬಹಳ ಹಿಡಿಸಿತು. ಆದರೆ ಮೊಬೈಲನ್ನು ಕಿಟಕಿಗೆ ಒರಗಿಸಿದರೆ ಮುಖ ಕಾಣುತ್ತದೆ, ಮಂಡಿ ಕಾಣುವುದಿಲ್ಲ. ಊಟದ ಪಟ್ಟಿಯಲ್ಲಿ ಅವಕಾಡೊ, ಕಿನೋವಾ. ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವ ಊರಿನ ಬಗ್ಗೆ ಅವರಿಗೆ ಅಂದಾಜೇ ಇರಲಿಲ್ಲ. ವ್ಯಾಯಾಮ ಆಗಲೇ ಸರಿಯಾಗಿ ಕಲಿತವರಿಗೆ ಇದು ಸಾಕು, ಹಣವೂ ಉಳಿಯುತ್ತದೆ.

ಕೊನೆಗೆ ನಾನು ಉಳಿದದ್ದು ವಿದ್ಯಾನಗರದ ಕಡೆ ಮಹಡಿ ಮೇಲಿನ ಒಂದು ಸಣ್ಣ ಜಿಮ್ಮಿನಲ್ಲಿ. ಏಸಿ ಇಲ್ಲ. ಕಲಿಸುವವರು ಬಿಪಿಎಡ್ (ದೈಹಿಕ ಶಿಕ್ಷಣದ ಪದವಿ) ಮಾಡಿದ ಮೇಡಂ, ನನಗಿಂತ ಚಿಕ್ಕವರು. ಮೊದಲ ದಿನ ಡಂಬೆಲ್ ಮುಟ್ಟಲೇ ಬಿಡಲಿಲ್ಲ. "ಅಣ್ಣಾ, ಬಿಪಿಗೆ ಯಾವ ಮಾತ್ರೆ? ಹೆಸರು ಹೇಳಿ. ಶುಗರಿಗೆ ಏನಾದ್ರೂ ತಗೋತೀರಾ? ಊಟ ಆಗಿ ಎಷ್ಟು ಹೊತ್ತಾಯ್ತು?" ಬಿಪಿಯ ಕೆಲವು ಮಾತ್ರೆಗಳು ಎದೆಬಡಿತ ಏರಲು ಬಿಡುವುದಿಲ್ಲ. ಆಗ ಕೈಗಡಿಯಾರದ ಅಂಕಿ ನಂಬಿ ವ್ಯಾಯಾಮ ಮಾಡಿಸುವ ಹಾಗಿಲ್ಲ, ಏದುಸಿರು ಇಲ್ಲದೆ ಮಾತಾಡುತ್ತಾರಾ ಎಂದು ನೋಡಬೇಕು. ಶುಗರ್ ಇಳಿಸುವ ಕೆಲವು ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಬಂದರೆ ತಲೆಸುತ್ತು ಬಂದು ಬೀಳಬಹುದು. ಮಂಡಿಗೆ ಅವರು ಕೊಟ್ಟದ್ದು ಕುರ್ಚಿಯಿಂದ ಏಳುವುದು, ಗಿಡ್ಡ ಮೆಟ್ಟಿಲು ಹತ್ತಿ ಇಳಿಯುವುದು, ಸೊಂಟದ ಪಕ್ಕದ ಸ್ನಾಯು ಗಟ್ಟಿ ಮಾಡುವುದು. ನೋವು ಅಂದರೆ ತಕ್ಷಣ ನಿಲ್ಲಿಸಿ ಬೇರೆ ರೀತಿ ಮಾಡಿಸುತ್ತಾರೆ.

ಸರ್ಟಿಫಿಕೇಟ್ ನೋಡಬೇಕಾ? ನೋಡಿ. ಡಾಕ್ಟರಿಗೆ ಇರುವ ಹಾಗೆ ಜಿಮ್ ಟ್ರೇನರಿಗೆ ಕಡ್ಡಾಯ ನೋಂದಣಿ ನಮ್ಮಲ್ಲಿ ಇಲ್ಲ, ಹಾಗಾಗಿ ಗೋಡೆ ಮೇಲಿನ ಕಾಗದ ಯಾರದ್ದು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ ಆಟದ ಕೋಚುಗಳದ್ದು. ಟ್ರೇನರುಗಳಿಗೆ ಪರೀಕ್ಷೆ ನಡೆಸುವ ಅಮೆರಿಕದ ಸಂಸ್ಥೆಗಳಾದ ಏಸ್, ಎನ್‌ಎಸ್‌ಸಿಎ ಸರ್ಟಿಫಿಕೇಟ್ ಬೇಕಾದರೆ ಸಿಪಿಆರ್ (ಎದೆಬಡಿತ ನಿಂತವರಿಗೆ ಎದೆ ಒತ್ತುವ ಪ್ರಥಮ ಚಿಕಿತ್ಸೆ) ಕೂಡ ಕಲಿತಿರಬೇಕು. ನಮ್ಮ ಉಸ್ತಾದರ ಹತ್ತಿರ ಒಂದೂ ಕಾಗದ ಇಲ್ಲ, ಕಣ್ಣು ಮಾತ್ರ ಎಲ್ಲರಿಗಿಂತ ಚುರುಕು.

ಮೇಡಂ ವಿಷಯದಲ್ಲಿ ದೂರು ಇಲ್ಲವೇ? ಇದೆ. ಸಂಜೆ ಬ್ಯಾಚು ಕಿಕ್ಕಿರಿದಿರುತ್ತದೆ. ಶಾಲೆಗಳ ಕ್ರೀಡಾಕೂಟ ಶುರುವಾದರೆ ವಾರಗಟ್ಟಲೆ ರಜೆ ಹಾಕುತ್ತಾರೆ, ಆಗ ನಾನು ಮನೆಯಲ್ಲೇ ಕುರ್ಚಿ ಇಟ್ಟುಕೊಂಡು ಮಾಡುತ್ತೇನೆ. ತಡವಾಗಿ ಹೋದರೆ ವಯಸ್ಸು ನೋಡದೆ ಬೈಗುಳ. ಫೀಸು ಮಾತ್ರ ಏಸಿ ಜಿಮ್ಮಿನ ಅರ್ಧವೂ ಇಲ್ಲ, ಅದನ್ನೂ ತಿಂಗಳು ತಿಂಗಳು ಕೊಟ್ಟರೆ ಸಾಕು ಅನ್ನುತ್ತಾರೆ. ಸೇರಬೇಕು ಅನ್ನುವವರು ಬೆಳಗ್ಗೆ ಆರರ ಬ್ಯಾಚು ಕೇಳಿ, ಜಾಗ ಸಿಕ್ಕರೆ ಸಿಗುವುದು ಅಲ್ಲೇ.